ಯಜಮಾನರಿಗಲ್ಲ, ಅಕ್ಕನಿಗೆ

ಫೋನಿನ ಆ ಕಡೆಯಿದ್ದ ಗಂಡಸು ದನಿ ತಗ್ಗಿಸಿ ಕೇಳಿದರು: "ಎಷ್ಟು ವರ್ಷದಿಂದ ಕುಡೀತಿದಾರಮ್ಮಾ ನಿಮ್ಮ ಯಜಮಾನ್ರು?"

"ನಮ್ಮ ಯಜಮಾನ್ರು ಕುಡಿಯಲ್ಲ ಸರ್. ನಮ್ಮಕ್ಕ."

ಲೈನ್ ಕಟ್ಟಾಯಿತೇನೋ ಅಂದುಕೊಂಡು ಹಲೋ ಹಲೋ ಅಂದೆ. "ಇದೀನಮ್ಮಾ," ಅಂದರು ಆಮೇಲೆ. "ನಮ್ಮಲ್ಲಿಗೆ ಲೇಡೀಸ್ ಬರೋದು ಕಮ್ಮಿ. ಬರಬಾರದು ಅಂತೇನಿಲ್ಲ. ಅಡ್ರೆಸ್ ಹೇಳ್ತೀನಿ, ಬರ್ಕೊಳಿ."

ಬರಬಾರದು ಅಂತೇನಿಲ್ಲ. ಅಷ್ಟು ಹೊತ್ತಿಗೆ ನನಗೆ ಅದೇ ದೊಡ್ಡ ಮರ್ಯಾದೆಯ ಮಾತಾಗಿ ಕೇಳಿಸಿತು. ಅದಕ್ಕೂ ಮುಂಚೆ ವಿಚಾರಿಸಿದ ಕಡೆಯೆಲ್ಲ ನನಗೆ ಸಿಕ್ಕಿದ್ದು ಬೇರೆಯೇ. ಚಿಕ್ಕಂದಿನಿಂದ ನಮ್ಮನ್ನು ನೋಡುತ್ತಿದ್ದ ಕ್ಲಿನಿಕ್ಕಿನ ಡಾಕ್ಟರು ಬಾಗಿಲು ಹಾಕಿಸಿ, "ಇದನ್ನ ಯಾರ ಹತ್ರಾನೂ ಬಾಯಿ ಬಿಡಬೇಡಮ್ಮ, ಶಕ್ತಿಗೆ ಮಾತ್ರೆ ಬರೆದುಕೊಡ್ತೀನಿ" ಅಂದಿದ್ದರು. ನಾನು ಗಣಿತ ಹೇಳಿಕೊಡುವ ಯಲಹಂಕದ ಶಾಲೆಯಲ್ಲಿ ಜೊತೆಯ ಮೇಡಂ ಒಬ್ಬರು ವಿಷಯ ಕೇಳಿ, "ನಿಮ್ಮಂಥಾ ಮನೆಯಲ್ಲಾ?" ಎಂದು ಕೆನ್ನೆಗೆ ಕೈ ಹಚ್ಚಿಕೊಂಡಿದ್ದರು. ಅವರ ಗಂಡ ಕುಡಿದು ಗಾಡಿ ಗುದ್ದಿಸಿ ಕಾಲು ಮುರಿದುಕೊಂಡಾಗ ಇಡೀ ಸ್ಟಾಫ್ ರೂಮು ಹಣ್ಣು ತೆಗೆದುಕೊಂಡು ನೋಡಲು ಹೋಗಿತ್ತು. ಆಗ ಯಾರೂ ಕೆನ್ನೆಗೆ ಕೈ ಹಚ್ಚಿಕೊಂಡಿರಲಿಲ್ಲ.

ನಮ್ಮದು ವಿದ್ಯಾರಣ್ಯಪುರದ ಪಕ್ಕದ ಸಿಂಗಾಪುರ ಹಳ್ಳಿಯ ಹಳೇ ಮನೆತನ. ಅಪ್ಪನ ಕಾಲಕ್ಕೆ ರಾಗಿ ಹೊಲ, ಒಂದಿಷ್ಟು ದ್ರಾಕ್ಷಿ ತೋಟ. ಅಪ್ಪ ಇರುವಾಗಲೇ ಹೊಲ ಸೈಟುಗಳಾದವು, ಅಣ್ಣ ಬಿಲ್ಡರಾದ. ಮೂವರಲ್ಲಿ ಅಕ್ಕ ದೊಡ್ಡವಳು, ನಡುವೆ ಅಣ್ಣ, ಕೊನೆಯವಳು ನಾನು, ಮದುವೆಯಾಗಿ ಅಲ್ಲೇ ಹತ್ತಿರದಲ್ಲಿರುವವಳು. ಭಾವ ಹೃದಯಾಘಾತದಿಂದ ತೀರಿಹೋದ ಮೇಲೆ, ಮಕ್ಕಳಿಲ್ಲದ ಅಕ್ಕ ಸಿಂಗಾಪುರಕ್ಕೇ ವಾಪಸು ಬಂದಳು. ಅಪ್ಪನ ಜಾಗದಲ್ಲಿ ಅಣ್ಣ ಎಬ್ಬಿಸಿದ ಬಿಲ್ಡಿಂಗಿನ ಮೊದಲ ಮಹಡಿಯಲ್ಲಿ ಅವಳಿಗೊಂದು ಮನೆ, ಅದರ ಮೇಲಿನದು ಅಣ್ಣನದು. ಅಕ್ಕ ಬ್ಲೌಸ್ ಹೊಲಿಯುತ್ತಿದ್ದಳು. ವಿದ್ಯಾರಣ್ಯಪುರದಿಂದೆಲ್ಲ ಹೆಂಗಸರು ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಊಟ ಮಾತ್ರ ಅಣ್ಣನ ಮನೆಯಲ್ಲಿ.

ಅಣ್ಣನಿಗೆ ವಾರಕ್ಕೊಮ್ಮೆ ಟೆರೇಸಿನಲ್ಲಿ ಕೂಟ. ಕಂಟ್ರಾಕ್ಟರುಗಳು, ಜಮೀನಿನ ಬ್ರೋಕರುಗಳು, ಒಮ್ಮೊಮ್ಮೆ ಯಾವುದಾದರೂ ಆಫೀಸಿನ ಸಾಹೇಬರು. ಹಬ್ಬಕ್ಕೆ ಅವನಿಗೆ ಬರುವ ಉಡುಗೊರೆಗಳಲ್ಲಿ ಸ್ವೀಟ್ ಬಾಕ್ಸಿಗಿಂತ ಬಾಟಲಿಗಳೇ ಹೆಚ್ಚು. ಕೂಟ ಮುಗಿದ ಮೇಲೆ ಗ್ಲಾಸು ತೊಳೆಯುವುದಕ್ಕೆ ಅತ್ತಿಗೆಗೆ ಜೊತೆಯಾಗುತ್ತಿದ್ದವಳು ಅಕ್ಕ. ಭಾವ ಹೋದ ಮೇಲೆ ಅವಳಿಗೆ ನಿದ್ದೆ ಇರಲಿಲ್ಲ. ಒಂದು ದಿನ ಗ್ಲಾಸಿನ ತಳದಲ್ಲಿ ಉಳಿದದ್ದನ್ನು ಚೆಲ್ಲುವ ಬದಲು ಕುಡಿದಳಂತೆ. ಅಂದು ನಿದ್ದೆ ಬಂತಂತೆ. ಹಾಗೆ ಶುರುವಾಗಿದ್ದು ಕೆಲವು ವರ್ಷಗಳಲ್ಲಿ ಹೊಲಿಗೆ ಮಿಷನ್ನಿನ ಕೆಳಗೆ ಬಟ್ಟೆ ಚೂರುಗಳ ಮಧ್ಯೆ ಬಾಟಲಿ ಬಚ್ಚಿಡುವವರೆಗೂ ಬಂತು. ಕೈ ನಡುಗಿ ಹೊಲಿಗೆ ಕೆಟ್ಟಿತು. ಕೊನೆಗೆ ಕಣ್ಣು ಹಳದಿಯಾಗಿ ಹೆಬ್ಬಾಳದ ಕಡೆಯ ಆಸ್ಪತ್ರೆಯೊಂದಕ್ಕೆ ಸೇರಿಸಬೇಕಾಯಿತು.

ಅಲ್ಲಿನ ಡಾಕ್ಟರು ಒಬ್ಬ ಹೆಣ್ಣುಮಗಳು. ಅಕ್ಕನನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ಕಳಿಸಿ ಅರ್ಧ ಗಂಟೆ ಮಾತಾಡಿದರು. ಅಕ್ಕ ಡಿಸ್ಚಾರ್ಜ್ ಆಗಿ ಬಂದವಳೇ ನನ್ನನ್ನು ಕರೆದು, "ಕುಡಿಯೋದು ಬಿಟ್ಟೋರು ಒಟ್ಟಿಗೆ ಕೂತು ಮಾತಾಡ್ಕೊಳೋ ಮೀಟಿಂಗ್ ಇರತ್ತಂತೆ ಕಣೇ. ನಂಗೊಂದು ಅಂಥದ್ದು ಹುಡುಕ್ಕೊಡು. ಬರೀ ಮಾತ್ರೇಲಿ ಆಗಲ್ಲ ನಂಗೆ" ಅಂದಳು. ನನ್ನಕ್ಕ ಬದುಕಿನಲ್ಲಿ ತನಗಾಗಿ ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಫೋನಿನವರು ಕೊಟ್ಟ ವಿಳಾಸ ಹೆಬ್ಬಾಳ ದಾಟಿದ ಮೇಲೆ ಬರುವ ಒಂದು ಲೇಔಟಿನ ಸಮುದಾಯ ಭವನದ್ದು. ಭಾನುವಾರ ಬೆಳಿಗ್ಗೆ ಆಟೋದಲ್ಲಿ ಹೋದೆವು. ಅಕ್ಕ ಗಂಜಿ ಹಾಕಿದ ಕಾಟನ್ ಸೀರೆ ಉಟ್ಟು, ತಲೆಗೆ ಸ್ವಲ್ಪ ಮಲ್ಲಿಗೆ ಮುಡಿದಿದ್ದಳು. ದಾರಿಯುದ್ದಕ್ಕೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು.

ಭವನಕ್ಕೆ ಬೀಗ. ಗೇಟಿನಲ್ಲಿದ್ದ ಸೆಕ್ಯೂರಿಟಿಯವನು, "ಆ ಮೀಟಿಂಗಾ? ಅವ್ರನ್ನ ಖಾಲಿ ಮಾಡಿಸ್ಬಿಟ್ರಲ್ಲ ಮೇಡಂ" ಅಂದ. ಯಾರು, ಯಾಕೆ ಎಂದು ನಾನು ಕೇಳುತ್ತಿರುವಾಗಲೇ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿದವರೊಬ್ಬರು ಬೆವರು ಒರೆಸಿಕೊಳ್ಳುತ್ತ ಬಂದರು. ಅಲ್ಲಿನ ಅಸೋಸಿಯೇಷನ್ನಿನ ಕಾರ್ಯದರ್ಶಿ.

"ಇದು ಫ್ಯಾಮಿಲಿಗಳಿರೋ ಲೇಔಟು ಮೇಡಂ. ಮಕ್ಕಳು ಓಡಾಡ್ತಿರ್ತಾರೆ. ಕುಡುಕರೆಲ್ಲ ಬಂದು ಗುಂಪು ಸೇರಿದ್ರೆ ಚೆನ್ನಾಗಿರತ್ತಾ, ನೀವೇ ಹೇಳಿ."

"ಅವರು ಬಿಟ್ಟವರು ಸರ್. ಬಿಡೋಕೆ ಅಂತಾನೇ ಇಲ್ಲಿಗೆ ಬರ್ತಿದ್ರು."

"ಬಿಟ್ರೇನು, ಬಿಡದಿದ್ರೇನು? ಒಂದ್ಸಲ ಹೆಸರು ಕೆಟ್ಟರೆ ನಮ್ಮ ಲೇಔಟಲ್ಲಿ ಮನೆ ತಗೊಳೋಕೆ ಯಾರು ಬರ್ತಾರೆ?"

ಭವನದ ಪಕ್ಕದ ಓಣಿಯಲ್ಲಿ ಹಿಂದಿನ ದಿನದ ಪಾರ್ಟಿಯ ಕಸ ಬಿದ್ದಿತ್ತು. ಬಲೂನು, ಪೇಪರ್ ತಟ್ಟೆ, ಮೂಳೆ ಕೆದಕುತ್ತಿದ್ದ ಕಾಗೆಗಳು, ಖಾಲಿ ಬಾಟಲಿ ತುಂಬಿದ ರಟ್ಟಿನ ಪೆಟ್ಟಿಗೆಗಳು ಗೋಡೆಗೆ ಒರಗಿಸಿದಂತೆ ಸಾಲಾಗಿ. ನಾನು ಅದರ ಕಡೆ ಕೈ ತೋರಿಸಿ, "ಇದು?" ಅಂದೆ.

"ಅದು ಪ್ರೈವೇಟ್ ಫಂಕ್ಷನ್ ಮೇಡಂ," ಅಂದರು, ಒಂಚೂರೂ ಸಂಕೋಚವಿಲ್ಲದೆ. "ಬಾಡಿಗೆ ಕಟ್ಟಿ ಮಾಡ್ಕೊಂಡಿದಾರೆ."

ಆ ಕ್ಷಣ ನನಗೆ ಹೇಗಾಯಿತೆಂದರೆ, ಆ ಪೆಟ್ಟಿಗೆಗಳನ್ನೆಲ್ಲ ಎತ್ತಿ ಅವರ ಗೇಟಿನ ಮುಂದೆ ಸುರಿಯಬೇಕು ಅನ್ನಿಸಿತು. ಅದೇ ಸಭಾಂಗಣದಲ್ಲಿ ಕುಡಿಯಬಹುದು, ಕುಣಿಯಬಹುದು, ಓಣಿಯಲ್ಲಿ ವಾಂತಿ ಮಾಡಬಹುದು. ಕುಡಿಯುವುದನ್ನು ನಿಲ್ಲಿಸುವುದಕ್ಕೆ ನಾಲ್ಕು ಕುರ್ಚಿ ಹಾಕಿಕೊಂಡು ಕೂರುವ ಹಾಗಿಲ್ಲ. ಇದನ್ನೇ ನಾನು ದನಿ ಏರಿಸಿ ಹೇಳುತ್ತಿದ್ದೆ. ಅವರು ನನ್ನ ಮಾತನ್ನು ಅಲ್ಲಿಗೇ ಕತ್ತರಿಸಿ, "ಅದಿರ್ಲಿ, ನೀವು ಯಾರಿಗೋಸ್ಕರ ಬಂದಿದ್ದು?" ಎಂದರು.

ಅಕ್ಕ ಒಂದು ಹೆಜ್ಜೆ ಮುಂದೆ ಬಂದು ಅಂದಳು: "ನನಗೋಸ್ಕರ."

ಅವರು ಅಕ್ಕನ ಮುಡಿಯ ಮಲ್ಲಿಗೆ ನೋಡಿದರು, ಬರಿ ಕೊರಳು ನೋಡಿದರು, ಕಾಲಿನವರೆಗೂ ನೋಡಿದರು. ಆಮೇಲೆ ಸೆಕ್ಯೂರಿಟಿಯವನ ಮುಖ ನೋಡಿದರು. ಅವನು ತಲೆ ಬಗ್ಗಿಸಿಕೊಂಡ. "ಯಾರ ಮನೆಯವರು ನೀವು?" ಎಂದು ಕೇಳಿದರು. ದೊಡ್ಡವರು ಕೇಳಿದರೆ ಉತ್ತರ ಹೇಳಬೇಕೆಂದು ಬೆಳೆದವಳು ಅಕ್ಕ. ಅಪ್ಪನ ಹೆಸರು ಹೇಳಿಬಿಟ್ಟಳು.

ಸಿಂಗಾಪುರ ತಲುಪುವಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ತಲುಪಿತ್ತು. ಉತ್ತರ ಬೆಂಗಳೂರಿನಲ್ಲಿ ಸೈಟು ಮಾರುವವರಿಗೂ ಲೇಔಟು ಆಳುವವರಿಗೂ ಒಬ್ಬರಿಗೊಬ್ಬರು ಗೊತ್ತಿರದೆ ಇರುವುದಿಲ್ಲ. ಅಣ್ಣ ಸೋಫಾದಲ್ಲಿ ಕೂತಿದ್ದವನು ನಾವು ಚಪ್ಪಲಿ ಬಿಡುವ ಮೊದಲೇ ಎದ್ದ.

"ಊರಿಗೆಲ್ಲಾ ಸಾರ್ಕೊಂಡ್ ಬಂದ್ರಾ? ಇಂಗೆಲ್ಲಾ ಮನೆ ಮರ್ಯಾದೆ ಬೀದೀಗ್ ತರ್ತೀರಲ್ಲ, ನಾಳೆ ನಾನು ತಲೆ ಎತ್ಕೊಂಡ್ ಓಡಾಡೋದು ಎಂಗೆ?"

"ನೀನು ವಾರವಾರ ಟೆರೇಸಲ್ಲಿ ಕುಡೀತೀಯಲ್ಲಣ್ಣ, ಆಗ ಹೇಗೆ ಎತ್ಕೊಂಡು ಓಡಾಡ್ತೀಯಾ?" ಅಂದೆ.

"ಗಂಡಸ್ರ ವಿಷ್ಯ ಬ್ಯಾರೆ. ನಂಗೆ ಕಂಟ್ರೋಲ್ ಐತೆ. ನೀನು ಓದಿರೋಳು ಅಂತ ಎಲ್ಲಾದಕ್ಕೂ ಬಾಯಿ ಆಕ್ಬೇಡ."

ಅಕ್ಕ ಕೆಳಗಿಳಿದು ಹೋದಳು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಗುಟುಕೂ ಮುಟ್ಟದೆ ಇದ್ದವಳು ಅಂದು ಸಂಜೆ ಕುಡಿದಳು. ಅದಕ್ಕೆ ನಾನು ಅವಳನ್ನು ಬೈಯಲಿಲ್ಲ. ಅಂದು ಬೈಯಬೇಕಾಗಿದ್ದವರು ಬೇರೆ ಇದ್ದರು.

ನಮ್ಮ ಕಡೆಯ ಗೋಡೆಗಳ ಮೇಲೆ, ಬಸ್ ಸ್ಟಾಪುಗಳ ಬೆನ್ನಿಗೆ ಒಂದು ಪೋಸ್ಟರ್ ಇರುತ್ತದೆ. ಕುಡಿತ ಬಿಡಿಸಲಾಗುವುದು, ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ ಎಂದು ಬರೆದಿರುತ್ತದೆ. ಶಾಲೆಗೆ ಹೋಗಿಬರುವಾಗ ನಾನು ದಿನವೂ ಅದರ ಮುಂದೆಯೇ ಹಾಯುತ್ತಿದ್ದೆ. ಅದನ್ನು ಓದಿ ಫೋನ್ ಮಾಡುವವರು ಯಾರೋ ಎಲ್ಲೋ ಇರುತ್ತಾರೆ ಎಂದುಕೊಂಡಿದ್ದೆ.

ಆ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ, ಒಂಬತ್ತನೇ ಕ್ಲಾಸಿಗೆ ಪಾಠ ಮಾಡುತ್ತಿದ್ದಾಗ ಅತ್ತಿಗೆಯ ಫೋನು. ಅಳುವಿನಲ್ಲಿ ಮಾತು ತಿಳಿಯಲಿಲ್ಲ. ನಾನು ಓಡಿಬಂದು ನೋಡಿದರೆ ಅಕ್ಕ ಬಚ್ಚಲುಮನೆಯ ಬಾಗಿಲಿಗೆ ಅಡ್ಡ ಬಿದ್ದಿದ್ದಳು. ಮುಖ, ಕತ್ತು ಕೆಂಡದಂತೆ ಕೆಂಪು. ವಾಂತಿಯ ಮೇಲೆ ವಾಂತಿ. ಕೈಕಾಲು ತಣ್ಣಗೆ. ಉಸಿರಿಗೆ ಒದ್ದಾಡುತ್ತಿದ್ದಳು. ಪಕ್ಕದ ಮನೆಯವರ ಕಾರಿನಲ್ಲಿ ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅದೇ ಡಾಕ್ಟರಮ್ಮ ಡ್ರಿಪ್ ಹಾಕಿಸಿ, ಬಿಪಿ ಸ್ವಲ್ಪ ಮೇಲೆ ಬಂದ ಮೇಲೆ ಹೊರಗೆ ಬಂದು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡರು.

"ಕುಡಿತ ಬಿಡಿಸೋ ಔಷಧಿ ಏನಾದ್ರೂ ಕೊಟ್ರಾ ಇವರಿಗೆ? ನಿಜ ಹೇಳಿ."

ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಪುಡಿ... ನಮ್ಮನೆಯವ್ರೇ ತಂದ್ಕೊಟ್ಟಿದ್ದು. ದಿನಾ ಸಾರಿಗೆ ಬೆರಸ್ಕೊಡು, ಅಕ್ಕಂಗೆ ಗೊತ್ತಾಗ್ಬಾರ್ದು ಅಂದಿದ್ರು. ಇವತ್ತು ಅಕ್ಕ ಕುಡ್ಕೊಂಡಿದ್ದು ನಂಗ್ ಗೊತ್ತಿರ್ಲಿಲ್ಲ."

"ಆ ಪುಡೀಲಿ ಏನಿರತ್ತೆ ಅಂತ ನಿಮಗೆ ಗೊತ್ತಾ?" ಡಾಕ್ಟರಮ್ಮ ದನಿ ಏರಿಸಿದರು. "ಅದು ಹೊಟ್ಟೇಲಿರೋವಾಗ ಕುಡಿದ್ರೆ ಜೀವಾನೇ ಹೋಗಬಹುದು. ಅವರಿಗೆ ಹೇಳದೆ ಹೇಗೆ ಕೊಟ್ರಿ ನೀವು?"

ಅಷ್ಟರಲ್ಲಿ ಅಣ್ಣ ಬಂದ. ವಿಷಯ ಕೇಳಿ ಒಂದು ಗಳಿಗೆ ಅವನ ಮುಖ ಕಪ್ಪಿಟ್ಟಿದ್ದು ನಿಜ. ಆದರೆ ಬಾಯಿಂದ ಬಂದದ್ದು, "ಒಳ್ಳೇದಕ್ಕೇ ಮಾಡಿದ್ದು" ಎಂಬ ಮಾತು.

ಒಳ್ಳೇದಕ್ಕೆ! ಬಿಡಬೇಕು ಎಂದು ಹಟ ಹಿಡಿದು ದಾರಿ ಹುಡುಕುತ್ತಿದ್ದವಳು ಅವಳು. ಅದಕ್ಕೆ ಬೀಗ ಹಾಕಿದರು. ಅವಳು ಬಾಯಿಬಿಟ್ಟು ಕೇಳಿದ್ದನ್ನು ಕೊಡದೆ, ಅವಳಿಗೆ ಗೊತ್ತಾಗದ ಹಾಗೆ ಅವಳ ತಟ್ಟೆಗೆ ವಿಷ ಬೆರೆಸಿದರು. ಕೇಳಿದರೆ ಒಳ್ಳೇದಕ್ಕಂತೆ. ಆಸ್ಪತ್ರೆಯ ಆ ಕಾರಿಡಾರಿನಲ್ಲಿ ನಾನು ಅಣ್ಣನಿಗೆ ಏನೇನು ಅಂದೆನೋ ನೆನಪಿಲ್ಲ. ನರ್ಸ್ ಬಂದು ಬಾಯಿ ಮುಚ್ಚಿಸಿದ್ದು ನೆನಪಿದೆ.

ಅಕ್ಕ ಕಣ್ಣು ಬಿಟ್ಟ ಮೇಲೆ ಅತ್ತಿಗೆಯನ್ನು ಒಂದೇ ಪ್ರಶ್ನೆ ಕೇಳಿದಳು. "ಯಾವತ್ತಿಂದ ಹಾಕ್ತಿದ್ದೆ?" ಅತ್ತಿಗೆ ಮಂಚದ ಕಬ್ಬಿಣ ಹಿಡಿದು ಅತ್ತಳು. ಅಕ್ಕ ಮತ್ತೆ ಕೇಳಲಿಲ್ಲ. ಮನೆಗೆ ಬಂದವಳೇ ಒಂದು ಚಿಕ್ಕ ಗ್ಯಾಸ್ ಒಲೆ ತರಿಸಿಕೊಂಡಳು. ಅವತ್ತಿನಿಂದ ತನ್ನ ಅಡುಗೆ ತಾನೇ ಮಾಡಿಕೊಂಡಳು, ಮೇಲಿನಿಂದ ಬಂದ ನೀರನ್ನೂ ಮುಟ್ಟಲಿಲ್ಲ.

ನಾನು ಮತ್ತೆ ಆ ಫೋನಿನವರಿಗೆ ಕರೆ ಮಾಡಿದೆ. ನೆಟ್ಟಗೆ ನಮಸ್ಕಾರ ಕೂಡ ಹೇಳದೆ ಶುರುಮಾಡಿದೆ. ಬೀಗ ಹಾಕಿದ ಜಾಗಕ್ಕೆ ಯಾಕೆ ಕಳಿಸಿದಿರಿ, ಖಾಲಿ ಮಾಡಿಸಿದ್ದು ನಿಮಗೆ ಗೊತ್ತಿರಲಿಲ್ಲವೇ, ನಿಮ್ಮನ್ನು ನಂಬಿ ಹೋಗಿ ನಮಗೇನಾಯಿತು ಗೊತ್ತೇ. ಅವರು ಕೊನೆಯವರೆಗೂ ಕೇಳಿಸಿಕೊಂಡರು.

"ತಪ್ಪಾಯ್ತಮ್ಮ. ಅದೇ ವಾರ ಖಾಲಿ ಮಾಡ್ಸಿದ್ದು, ನಂಗೆ ಆಮೇಲೆ ತಿಳೀತು. ನಿಮ್ಮ ನಂಬರ್ ನಾವು ಇಟ್ಕೊಳಲ್ಲ, ಅದು ನಮ್ಮ ನಿಯಮ. ಹೇಗಿದಾರೆ ಅಕ್ಕ?" ಅಂದರು. ನಾನು ಎಲ್ಲ ಹೇಳಿದೆ. "ಶನಿವಾರ ಸಂಜೆ ಆರ್.ಟಿ. ನಗರಕ್ಕೆ ಕರ್ಕೊಂಡ್ಬನ್ನಿ. ಈ ಸಲ ನಾನೇ ಬಾಗಿಲಲ್ಲಿ ನಿಂತಿರ್ತೀನಿ."

ಅದೊಂದು ಟ್ಯೂಷನ್ ಸೆಂಟರಿನ ಮಹಡಿ. ನಾವು ಬಸ್ಸು ಇಳಿದು ಒಂಚೂರು ಬೇಗನೇ ತಲುಪಿದ್ದರಿಂದ ಬಾಗಿಲಲ್ಲಿ ಯಾರೂ ಇರಲಿಲ್ಲ. ಒಳಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ಸುತ್ತ ಹಾಕುತ್ತಿದ್ದರು. ಎಲ್ಲರೂ ಗಂಡಸರೇ. ಕನ್ನಡಕ ಹಾಕಿದ್ದ ಒಬ್ಬರು ನಮ್ಮನ್ನು ನೋಡಿ ಬಾಗಿಲಿಗೇ ಬಂದು, "ಮನೆಯವ್ರ ಮೀಟಿಂಗ್ ಬೇರೆ ದಿನ ಮೇಡಂ. ಇವತ್ತು ಕುಡೀತಿದ್ದೋರಿಗೆ ಮಾತ್ರ" ಅಂದರು.

"ಕುಡೀತಿದ್ದೋಳು ನಾನೇ," ಅಂದಳು ಅಕ್ಕ.

ಕನ್ನಡಕದವರು ಹಿಂದೆ ತಿರುಗಿ ಉಳಿದವರನ್ನು ನೋಡಿದರು. "ಅಲ್ಲ, ಬೇಜಾರ್ ಮಾಡ್ಕೋಬೇಡಿ. ಇಲ್ಲಿ ನಾವು ಮನಸ್ಸು ಬಿಚ್ಚಿ ಏನೇನೋ ಮಾತಾಡ್ತೀವಿ. ಹೆಂಗಸರು ಕೂತಿದ್ರೆ ಹೆಂಗೆ ಮಾತಾಡೋದು?"

ನನಗೆ ಸಿಟ್ಟು ನೆತ್ತಿಗೇರಿತು. ಇಲ್ಲೂ ಅದೇ! ಜಗತ್ತೆಲ್ಲ ಹೊರಗೆ ಹಾಕಿದವರು ಬಂದು ಸೇರುವ ಜಾಗ ಇದು, ಇಲ್ಲೂ ಬಾಗಿಲಲ್ಲಿ ನಿಲ್ಲಿಸಿ ಲೆಕ್ಕ ಕೇಳುತ್ತಾರೆ. ನಾನು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅಕ್ಕ ನನ್ನ ಮೊಣಕೈ ಹಿಡಿದಳು.

"ಇಷ್ಟೊಂದು ಗಂಡಸ್ರು ಕೂತಿದ್ರೆ ನಾನು ಹೆಂಗೆ ಮಾತಾಡ್ಲಿ ಅಂತ ನಾನ್ ಕೇಳಿದ್ನಾ ಅಣ್ಣ?" ಅಂದಳು, ಮೆಲ್ಲಗೆ. "ನಂಗೂ ಭಯಾನೇ. ಆದ್ರೂ ಬಂದಿದೀನಿ."

ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುತ್ತ ಹತ್ತಿ ಬಂದರು. ಬಿಳಿ ಮೀಸೆ, ಕೈಯಲ್ಲಿ ಬಿಸ್ಕೆಟ್ ಪೊಟ್ಟಣ. "ಬಂದ್ಬಿಟ್ರಾಮ್ಮಾ? ನಾನು ಮೊದಲೇ ನಿಂತಿರ್ಬೇಕಿತ್ತು" ಅಂದ ದನಿಯಿಂದಲೇ ಫೋನಿನವರು ಎಂದು ಗೊತ್ತಾಯಿತು. ಅವರು ಯಾರಿಗೂ ಭಾಷಣ ಮಾಡಲಿಲ್ಲ. ತಮ್ಮ ಪಕ್ಕದ ಕುರ್ಚಿಯನ್ನು ಸೆಳೆದು ಅಕ್ಕನಿಗೆ ತೋರಿಸಿದರು. ಅವಳು ಹೋಗಿ ಕೂತಳು. ಕನ್ನಡಕದವರು ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಎದುರಿಗೆ ಕೂತರು. ನಾನೂ ಒಂದು ಕುರ್ಚಿಗೆ ಕೈ ಹಾಕಿದೆ.

"ನೀವು ಹೊರಗಮ್ಮಾ," ಅಂದರು ಬಿಳಿ ಮೀಸೆಯವರು. "ನೀವು ಕುಡಿದವರಲ್ಲವಲ್ಲ."

ಅದಕ್ಕೂ ನನಗೆ ಸಿಟ್ಟೇ ಬಂತು. ಇಷ್ಟೆಲ್ಲ ಹುಡುಕಿದವಳು ನಾನು, ಬೈಸಿಕೊಂಡವಳು ನಾನು, ಈಗ ಚಪ್ಪಲಿಗಳ ಪಕ್ಕ ಮೆಟ್ಟಿಲ ಮೇಲೆ ಕೂರಬೇಕಂತೆ. ಕೂತೆ. ಕೆಳಗೆ ರಸ್ತೆಯಲ್ಲಿ ಪಾನಿಪುರಿ ಗಾಡಿಯ ಸುತ್ತ ಜನ, ಹಾರ್ನುಗಳು. ಒಳಗಿಂದ ಒಬ್ಬೊಬ್ಬರದೇ ದನಿ, ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅಕ್ಕನ ದನಿ ಕೇಳಿಸಿತು. ಅದು ನಿಲ್ಲಲೇ ಇಲ್ಲ. ನಮ್ಮ ಮನೆಯಲ್ಲಿ ಅವಳು ಒಂದೇ ಸಮನೆ ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಹೊರಗೆ ಬಂದವಳಿಗೆ "ಏನೇನ್ ಮಾತಾಡಿದ್ರಿ?" ಅಂದೆ.

"ಅದನ್ನ ಹೊರಗೆ ಹೇಳಂಗಿಲ್ಲ." ಬಸ್ಸು ಹತ್ತಿ ಕೂತು, ಮೇಖ್ರಿ ಸರ್ಕಲ್ ಬರುವ ಹೊತ್ತಿಗೆ ಅವಳಾಗಿಯೇ ಅಂದಳು: "ಯಾರೂ ಅಯ್ಯೋ ಪಾಪ ಅನ್ಲಿಲ್ಲ ಕಣೇ. ಛೀ ಅಂತಾನೂ ಅನ್ಲಿಲ್ಲ."

ಆಮೇಲೆ ಅವಳು ಒಬ್ಬಳೇ ಹೋಗಿಬರತೊಡಗಿದಳು. ಎಲ್ಲ ಸರಾಗವಾಯಿತು ಅಂತಲ್ಲ. ರಾಜಾನುಕುಂಟೆಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋದಾಗ, ವರಸೆಯಲ್ಲಿ ಭಾವನಾಗಬೇಕಾದವನೊಬ್ಬ ಎಲ್ಲರೆದುರು ಗ್ಲಾಸು ಹಿಡಿದು ಬಂದು, "ಬಿಟ್ಬಿಟ್ರಂತೆ? ನಮ್ ಕೈಯಿಂದ ಒಂದ್ ಗುಟುಕು" ಎಂದು ಹಲ್ಲು ಕಿಸಿದ. ಸುತ್ತಲಿದ್ದವರು ನಕ್ಕರು. ನಕ್ಕವರಲ್ಲಿ ಹೆಂಗಸರೂ ಇದ್ದರು. ಆ ವಾರ ಅಕ್ಕ ಮತ್ತೆ ಕುಡಿದಳು. ಶನಿವಾರ ಆರ್.ಟಿ. ನಗರಕ್ಕೆ ಹೋಗಿ ಅದನ್ನೂ ಹೇಳಿಕೊಂಡಳಂತೆ. ಅಂದು ಕನ್ನಡಕದವರೇ ಬಸ್ ಸ್ಟಾಪಿನವರೆಗೂ ಜೊತೆಗೆ ಬಂದರಂತೆ. ಅದಾದ ಮೇಲೆ ಇವತ್ತಿನವರೆಗೂ ಅವಳು ಮುಟ್ಟಿಲ್ಲ. ನೆಂಟರ ಮನೆಗಳಿಗೂ ಹೋಗಿಲ್ಲ.

ಅವಳು ಆರ್.ಟಿ. ನಗರದ ಮೀಟಿಂಗಿಗೆ ಬರುತ್ತಾಳೆ ಎಂಬ ಸುಳಿವು ಸಿಕ್ಕಿದ ಮೇಲೆ ಅಬ್ಬಿಗೆರೆಯಿಂದ ಒಬ್ಬಾಕೆ ಬಂದಳು, ಯಶವಂತಪುರದಿಂದ ಇನ್ನೊಬ್ಬಳು. ಹೆಂಗಸರದೇ ಒಂದು ಮೀಟಿಂಗ್ ಬೇಕು ಅನ್ನಿಸಿತು ಅವರಿಗೆ. ಕೇಳಿದ ಶಾಲೆಗಳು, ಭವನಗಳು ಒಂದೊಂದು ನೆಪ ಹೇಳಿದವು. ಕೊನೆಗೆ ಅಕ್ಕ ಮೇಲೆ ಹೋಗಿ ಅಣ್ಣನ ಎದುರು ನಿಂತಳು. ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲಿ ಖಾಲಿ ಬಿದ್ದಿದ್ದ ಅಂಗಡಿ ಬೇಕು ಅಂದಳು.

"ನನ್ ಬಿಲ್ಡಿಂಗಲ್ಲಿ ಕುಡುಕ್ರ ಮೀಟಿಂಗಾ?" ಎಂದು ಅಣ್ಣ ಕೂಗಾಡಿದ.

"ಅಪ್ಪನ ಜಾಗ ಕಣೋ ಇದು," ಅಂದಳು ಅಕ್ಕ. "ನೀನು ಕಟ್ಟೋವಾಗ ಒಂದ್ ಮಾತೂ ಕೇಳ್ದೆ ಸೈನ್ ಹಾಕ್ಕೊಟ್ಟಿದ್ದೆ. ಈಗ ಒಂದ್ ಅಂಗಡಿ ಕೇಳ್ತಿದೀನಿ. ಆಗಲ್ಲ ಅಂದ್ರೆ ಎಲ್ಲಾನೂ ಕೇಳ್ತೀನಿ."

ಅಣ್ಣ ಆ ಅಂಗಡಿಯ ಶಟರಿಗೆ ಇನ್ನೊಂದು ಬೀಗ ಜಡಿದ. ಭಾನುವಾರ ಬೆಳಿಗ್ಗೆ ಇಬ್ಬರು ಹೆಂಗಸರು ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಬಂದು ಫುಟ್‌ಪಾತಿನಲ್ಲಿ ನಿಂತಿದ್ದರು. ಅಕ್ಕನೂ ನಾನೂ ಬೀಗ ಒಡೆಯುವವನನ್ನು ಕರೆಯೋಣವೇ ಎಂದು ಮಾತಾಡುತ್ತಿದ್ದೆವು. ಆಗ ಅತ್ತಿಗೆ ಇಳಿದು ಬಂದಳು. ಕೈಯಲ್ಲಿ ಬೀಗದ ಕೈ. ಯಾರ ಮುಖವನ್ನೂ ನೋಡದೆ ಬೀಗ ತೆಗೆದು, ಶಟರನ್ನು ತಾನೇ ಎತ್ತಿ, ಒಳಗೆ ಹೋಗಿ ಕಸ ಗುಡಿಸಲು ನಿಂತಳು. ಅಕ್ಕ ಒಂದು ಗಳಿಗೆ ನೋಡಿ, ಇನ್ನೊಂದು ಪೊರಕೆ ತೆಗೆದುಕೊಂಡಳು. ಅದರ ಪರಿಣಾಮ ಮೇಲಿನ ಮನೆಯಲ್ಲಿ ಏನಾಯಿತೋ, ಅತ್ತಿಗೆ ಇವತ್ತಿಗೂ ಹೇಳಿಲ್ಲ. ಅಣ್ಣ ಅಕ್ಕನ ಜೊತೆ ಮಾತು ಬಿಟ್ಟಿದ್ದಾನೆ.

ಹೆಬ್ಬಾಳದಾಚೆಯ ಆ ಲೇಔಟಿನ ಅಸೋಸಿಯೇಷನ್ನಿಗೆ ನಾನು ಎರಡು ಸಲ ಹೋಗಿ, ಮೀಟಿಂಗಿಗೆ ಭವನ ಯಾಕೆ ಕೊಡುವುದಿಲ್ಲ ಎಂದು ಕೇಳಿ ಬಂದೆ. ಉತ್ತರವಿಲ್ಲ. ಮೂರನೇ ಸಲ ಹೊರಟಾಗ ಅಕ್ಕ ತಡೆದಳು. "ನಿನ್ ಸಿಟ್ಟು ನಿನ್ನ ಹತ್ರಾನೇ ಇಟ್ಕೊ. ಅದನ್ನೂ ಹೊತ್ಕೊಂಡ್ ತಿರುಗೋ ಶಕ್ತಿ ನಂಗಿಲ್ಲ. ಮೀಟಿಂಗಿಗೆ ಬರೋರಿಗೂ ಇಲ್ಲ" ಅಂದಳು. ಅವಳಿಗೆ ಶಕ್ತಿ ಬೇರೆ ಕೆಲಸಕ್ಕೆ ಬೇಕು, ಅದು ನನಗೆ ಅರ್ಥವಾಗುತ್ತದೆ. ಸಿಟ್ಟು ನನ್ನ ಹತ್ತಿರ ಇದೆ, ನಾನು ಇಟ್ಟುಕೊಂಡಿದ್ದೇನೆ.

ಕಳೆದ ಭಾನುವಾರ ಮೀಟಿಂಗ್ ನಡೆಯುತ್ತಿರುವಾಗ ಎದುರಿನ ಬೇಕರಿಯಲ್ಲಿ ಕಾಫಿ ಕುಡಿಯುತ್ತ ನಿಂತಿದ್ದೆ. ಅರ್ಧ ಇಳಿಸಿದ ಶಟರನ್ನು ನೋಡುತ್ತ ಬೇಕರಿಯವನು, "ಏನ್ ಮೇಡಂ, ನಿಮ್ಮಕ್ಕ ಟೈಲರಿಂಗ್ ಕ್ಲಾಸ್ ಶುರು ಮಾಡಿದಾರಾ?" ಎಂದ. ಒಳಗಿರುವವರು ಯಾರ ಮನೆಯ ಸೊಸೆಯರೋ, ಯಾರ ತಾಯಂದಿರೋ. ಹೌದು ಅಂದೆ. ಟೆರೇಸಿನಲ್ಲಿ ಅಣ್ಣನೂ ಅವನ ಗೆಳೆಯರೂ ಬೆಳಗಿನ ಹತ್ತು ಗಂಟೆಗೇ ಬಿಯರ್ ಬಾಟಲಿ ಹಿಡಿದು ಗೋಡೆಗೆ ಒರಗಿ ನಿಂತಿದ್ದರು. ಅವರ ನಗು ರಸ್ತೆಯವರೆಗೂ ಕೇಳುತ್ತಿತ್ತು. ಬೇಕರಿಯವನು ತಲೆ ಎತ್ತಿ ಅವರಿಗೆ ನಮಸ್ಕಾರ ಹೇಳಿದ.